ವೀಲ್ ಅಲೈನ್‌ಮೆಂಟ್: ಅಂಗಡಿ ಆಯ್ಕೆಗೆ ಮುನ್ನ ಗಮನಿಸಬೇಕಾದದ್ದು

ಬೆಂಗಳೂರು: ಹೆಸರಿನಲ್ಲೇ ಸುಂಕವಿರುವ ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಯ ಗುಂಡಿಗಳು ಟೈರುಗಳಿಂದ ಸುಂಕ ವಸೂಲಿ ಮಾಡುವುದನ್ನು ಕಾರು ಮಾಲೀಕರು ಬಲ್ಲರು. ವೀಲ್ ಅಲೈನ್‌ಮೆಂಟ್ ಫಲಕಗಳಿಗೆ ಈ ಭಾಗದಲ್ಲಿ ಕೊರತೆಯಿಲ್ಲ, ಆಯ್ಕೆಯೇ ಕಷ್ಟ.

ಮೊದಲು ದೋಷ ಯಾವುದೆಂದು ತಿಳಿಯಬೇಕು. ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ಸಮಸ್ಯೆ. ಕಾರು ಒಂದೇ ಬದಿಗೆ ಎಳೆಯುತ್ತಿದ್ದರೆ ಅಥವಾ ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಪರೀಕ್ಷೆ ಅಗತ್ಯ.

ಅಳೆಯುವ ಕೋನಗಳು ಮುಖ್ಯವಾಗಿ ಮೂರು: ಟೋ, ಕ್ಯಾಂಬರ್, ಕ್ಯಾಸ್ಟರ್. ಬಹುತೇಕ ಸಣ್ಣ ಕಾರುಗಳ ಮುಂಚಕ್ರಗಳಲ್ಲಿ ತಿದ್ದಲು ಅವಕಾಶವಿರುವುದು ಟೋ ಮಾತ್ರ. ಕ್ಯಾಂಬರ್ ತಪ್ಪಿದ್ದರೆ ಬಾಗಿದ ಸ್ಟ್ರಟ್ ಅಥವಾ ಸವೆದ ಬುಷ್ ಕಾರಣವಿರಬಹುದು. ಆ ಭಾಗವನ್ನು ಬದಲಿಸುವುದೇ ಪರಿಹಾರ. ಆದರೆ ಹೈಡ್ರಾಲಿಕ್ ಜಾಕ್ ಒತ್ತಿ ಸ್ಟ್ರಟ್ ಬಗ್ಗಿಸಿ, 'ಕ್ಯಾಂಬರ್ ಸರಿ ಮಾಡಿದೆವು' ಎಂದು ಪ್ರತ್ಯೇಕ ಹಣ ಕೇಳುವ ರೂಢಿಯೂ ಇದೆ. ಭಾರ ಹೊರುವ ಭಾಗವನ್ನು ಹೀಗೆ ಬಗ್ಗಿಸುವುದು ಅಪಾಯಕಾರಿ. ಅಂತಹ ಅಂಗಡಿಯಿಂದ ಹಿಂದಿರುಗುವುದೇ ಲೇಸು.

ಬಲ್ಲ ತಂತ್ರಜ್ಞ ಮೊದಲು ಗಾಳಿಯ ಒತ್ತಡ ನೋಡುತ್ತಾನೆ, ಚಕ್ರ ಅಲ್ಲಾಡಿಸಿ ಬಾಲ್ ಜಾಯಿಂಟ್, ಟೈ ರಾಡ್ ಪರೀಕ್ಷಿಸುತ್ತಾನೆ. ಇವು ಸಡಿಲವಿದ್ದರೆ ಅಲೈನ್‌ಮೆಂಟ್ ನಿಲ್ಲದು. ತಿದ್ದುವ ಮುನ್ನ ಹಾಗೂ ನಂತರದ ಅಳತೆಗಳ ಮುದ್ರಿತ ಪ್ರತಿಯನ್ನು ಕೇಳಿ ಪಡೆಯಬೇಕು. ಅದರಲ್ಲಿರುವುದು ತಮ್ಮದೇ ಕಾರಿನ ಮಾದರಿಯೇ ಎಂಬುದನ್ನೂ ನೋಡಬೇಕು. ಯಂತ್ರ ಲೇಸರೋ, 3ಡಿಯೋ ಎಂಬುದು ಎರಡನೆಯ ಮಾತು. ಸಮತಟ್ಟಾದ ರಸ್ತೆಯಲ್ಲಿ ಕಾರು ಓಡಿಸಿ, ಸ್ಟಿಯರಿಂಗ್ ನೇರವಾಗಿರುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಹಣ ಪಾವತಿಸುವುದು ಸೂಕ್ತ.