ಚಹಾ ಕುಡಿದರೆ ಲಿವರ್ ಹಾಳಾಗುತ್ತದೆಯೇ? ಸೊಲ್ಲಾಪುರ, ಅಕ್ಕಲಕೋಟೆಯ ಕಪ್ಪಿನಲ್ಲಿರುವ ಲೆಕ್ಕ

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಚಾದರ, ಟವೆಲ್ ನೇಯುವ ಪವರ್‌ಲೂಮ್‌ಗಳ ಸದ್ದಿನ ನಡುವೆ ದಿನವಿಡೀ ಓಡಾಡುವುದು ಚಹಾದ ಕೆಟಲ್. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಯಲ್ಲೂ ಅಷ್ಟೇ. ಮರಾಠಿ, ಕನ್ನಡ, ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲ ಮಾತು "ಚಾ ತಗೋರಿ" ಎಂದೇ. ಬೇಡ ಎಂದರೆ ಮನೆಯವರಿಗೆ ಬೇಜಾರು. ಹಾಗಾಗಿ ದಿನಕ್ಕೆ ಐದಾರು ಕಪ್ ಆಗುವುದು ದೊಡ್ಡ ವಿಷಯವಲ್ಲ. ಕರಾವಳಿಯ ಬ್ಯಾರಿ ಮನೆಗಳ ಸಂಜೆಯ ಚಾಯವೂ ಇದಕ್ಕಿಂತ ಬೇರೆಯಲ್ಲ.

ಇಷ್ಟೆಲ್ಲಾ ಚಹಾ ಕುಡಿದರೆ ಲಿವರ್‌ಗೆ ಏನಾಗುತ್ತದೆ?

ಚಹಾ ಎಲೆ ಶತ್ರುವಲ್ಲ

ಚಹಾ ಎಲೆಯಲ್ಲಿ ಕೆಫೀನ್ ಮತ್ತು ಕ್ಯಾಟೆಚಿನ್ ಎಂಬ ಅಂಶಗಳಿವೆ. ಕೆಫೀನನ್ನು ಕರಗಿಸಿ ಹೊರಹಾಕುವ ಕೆಲಸ ಲಿವರ್‌ನದ್ದೇ. ಆರೋಗ್ಯವಂತ ಲಿವರ್‌ಗೆ ಇದು ಭಾರವಲ್ಲ. ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ಕೆಫೀನ್ ತೊಂದರೆ ಮಾಡುವುದಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಒಂದು ಕಪ್ ಚಹಾದಲ್ಲಿ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ ಇರುತ್ತದೆ. ಆದರೆ ಸಿರೋಸಿಸ್ ಆದವರ ದೇಹದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಅಂಥವರು ಎಷ್ಟು ಕುಡಿಯಬಹುದು ಎಂದು ವೈದ್ಯರನ್ನೇ ಕೇಳಬೇಕು.

ಹಾಗೆಂದು ಚಹಾ ಲಿವರ್‌ಗೆ ಔಷಧವೂ ಅಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಕಾಯಿಲೆ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಚಹಾದ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ.

ಅಸಲಿ ಸಮಸ್ಯೆ ಸಕ್ಕರೆ

ಒಂದು ಟೀ ಚಮಚ ಸಕ್ಕರೆ ಎಂದರೆ ಸುಮಾರು 4 ಗ್ರಾಂ. ಕಪ್ಪಿಗೆ ಎರಡು ಚಮಚದಂತೆ ಆರು ಕಪ್ ಕುಡಿದರೆ 48 ಗ್ರಾಂ. ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ತಾತ್ಪರ್ಯ. ಅಂದರೆ ಖಾರಿ, ಬಿಸ್ಕತ್ತು, ಮಿಠಾಯಿ ಮುಟ್ಟುವ ಮೊದಲೇ ಚಹಾದಲ್ಲೇ ಕೋಟಾ ಮುಗಿಯಿತು.

ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದರ ಹೆಚ್ಚಿನ ಪಾಲನ್ನು ಲಿವರ್ ನಿಭಾಯಿಸುತ್ತದೆ, ಹೆಚ್ಚಾದದ್ದನ್ನು ಕೊಬ್ಬಾಗಿ ಮಾಡುತ್ತದೆ. ಮಹಾರಾಷ್ಟ್ರದಲ್ಲಿ ಈಗ ಬೆಲ್ಲದ ಚಹಾ ಅಂಗಡಿಗಳು ಬಹಳ. ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. ಲಿವರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

'ನಾನು ಕುಡಿಯುವುದಿಲ್ಲ, ನನಗೇಕೆ?'

ಲಿವರ್ ಕಾಯಿಲೆ ಎಂದರೆ ಶರಾಬು ಕುಡಿಯುವವರಿಗೆ ಮಾತ್ರ ಎಂಬ ನಂಬಿಕೆ ನಮ್ಮ ಸಮುದಾಯದಲ್ಲಿ ಬಲವಾಗಿದೆ. ಹನಿ ಮದ್ಯ ಮುಟ್ಟದವರ ಸ್ಕ್ಯಾನ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದು ಬಂದಾಗ, ಜನ ಏನೆಂದುಕೊಂಡಾರು ಎಂದು ಮುಚ್ಚಿಡುವವರೂ ಇದ್ದಾರೆ. ಇದೇ ಅಪಾಯ. ಬೊಜ್ಜು, ಸಕ್ಕರೆ ಕಾಯಿಲೆ, ಕುಳಿತೇ ಮಾಡುವ ಕೆಲಸ ಇದರ ಮುಖ್ಯ ಕಾರಣಗಳು. ಆರಂಭದಲ್ಲಿ ನೋವಿಲ್ಲ, ಲಕ್ಷಣವಿಲ್ಲ. ನಿರ್ಲಕ್ಷಿಸಿದರೆ ಕೆಲವರಲ್ಲಿ ಸಿರೋಸಿಸ್‌ವರೆಗೂ ಹೋಗುತ್ತದೆ. 2021ರಲ್ಲಿ ಕೇಂದ್ರ ಸರಕಾರ ಇದನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ದೇಹದ ತೂಕದಲ್ಲಿ ಶೇ. 7ರಿಂದ 10ರಷ್ಟು ಇಳಿಸಿದರೆ ಬಹಳಷ್ಟು ಜನರ ಲಿವರ್ ಸುಧಾರಿಸುತ್ತದೆ ಎಂಬುದು ಸಮಾಧಾನದ ಮಾತು.

ಗ್ಲಾಸು, ನೀರು ಮತ್ತು ಕಾಮಾಲೆ

ಹೆಪಟೈಟಿಸ್ ಎ ಮತ್ತು ಇ ಕಲುಷಿತ ನೀರು, ಆಹಾರದಿಂದ ಬರುತ್ತವೆ. ಕುದಿಸಿದ ಚಹಾದಲ್ಲಿ ಭಯವಿಲ್ಲ. ಆದರೆ ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆದ ಗ್ಲಾಸಿನಲ್ಲಿದೆ. ಇನ್ನು ಹೆಪಟೈಟಿಸ್ ಬಿ, ಸಿ ಇರುವವರ ಜೊತೆ ಚಹಾ ಕುಡಿದರೆ ರೋಗ ಹರಡುವುದಿಲ್ಲ. ಅವರಿಗೆ ಬೇರೆ ಕಪ್ ಇಟ್ಟು ಮನಸ್ಸು ನೋಯಿಸುವ ಅಗತ್ಯವಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವುಗಳ ಪರೀಕ್ಷೆ, ಚಿಕಿತ್ಸೆ ಸರಕಾರಿ ಕೇಂದ್ರಗಳಲ್ಲಿ ಉಚಿತ.

ಗ್ರೀನ್ ಟೀ ಮಾತ್ರೆ, ಕಷಾಯ

ತೂಕ ಇಳಿಸಲು ಗ್ರೀನ್ ಟೀ ಸಾರದ ಮಾತ್ರೆ ನುಂಗುವ ಯುವಕರು ಗಮನಿಸಬೇಕು. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಒಂದು ಬಗೆಯ ಕ್ಯಾಟೆಚಿನ್) ಇರುವ ಮಾತ್ರೆಗಳಿಂದ ಲಿವರ್ ಎಂಜೈಮ್ ಏರಬಹುದು ಎಂದು 2018ರಲ್ಲಿ ಅದೇ ಯುರೋಪಿಯನ್ ಪ್ರಾಧಿಕಾರ ಎಚ್ಚರಿಸಿತ್ತು. ಕಪ್ಪಿನಲ್ಲಿ ಕುಡಿಯುವ ಗ್ರೀನ್ ಟೀಗೆ ಆ ಭಯ ಇಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಏನೇ ಆಗಲಿ, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕಷಾಯ ಶುರು ಮಾಡಬಾರದು.

ನೆನಪಿಡಿ

* ಸಕ್ಕರೆಯನ್ನು ಒಮ್ಮೆಲೇ ಬಿಡಲಾಗದಿದ್ದರೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿ.
* ಹಾಲು, ಸಕ್ಕರೆ ಇಲ್ಲದ ಸುಲೈಮಾನಿಗೆ ನಿಂಬೆರಸ ಸಾಕು.
* ಊಟದ ಜೊತೆ ಚಹಾ ಬೇಡ. ಕಬ್ಬಿಣಾಂಶ ಹೀರಿಕೆ ಕಡಿಮೆಯಾಗುತ್ತದೆ. ಒಂದು ಗಂಟೆ ಬಿಡಿ.
* ಟೀ ಪುಡಿಯಲ್ಲಿ ಬಣ್ಣ ಬೆರೆಸಿದ್ದಾರೆಯೇ ಎಂದು ನೋಡಲು ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಹರಡಿ. ಗಾಢ ಕಲೆ ಬಿದ್ದರೆ ಅನುಮಾನಿಸಿ.
* ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಹೊಟ್ಟೆ ಊದಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಮನೆಗೆ ಬಂದವರಿಗೆ ಚಹಾ ಕೊಡುವುದನ್ನು ಬಿಡಬೇಕಿಲ್ಲ. ಸಕ್ಕರೆ ಹಾಕುವ ಮೊದಲು "ಎಷ್ಟು ಹಾಕಲಿ?" ಎಂದು ಒಂದು ಮಾತು ಕೇಳಿದರೆ ಸಾಕು.