ನಗರಸಭೆ ಹಾಗೂ ಪುರಸಭೆ ವ್ಯಾಪ್ತಿಯ ಪೊಲೀಸ್ ಠಾಣೆಗಳ ಮೇಲ್ವಿಚಾರಣೆ: ದೂರುದಾರರಿಗೆ ಮಾಹಿತಿ

ಠಾಣೆಯಲ್ಲಿ ದೂರು ಸ್ವೀಕರಿಸಲಿಲ್ಲ, ವಿಚಾರಣೆಯ ನೆಪದಲ್ಲಿ ಕರೆಯಿಸಿ ದಿನವಿಡೀ ಕೂರಿಸಿದರು, ಸಂತೆಯ ದಿನ ವ್ಯಾಪಾರಕ್ಕೆ ಅಡ್ಡಿಪಡಿಸಿದರು ಎಂಬ ಅರ್ಜಿಗಳನ್ನು ಸಾರ್ವಜನಿಕರು ನಗರಸಭೆ ಅಥವಾ ಪುರಸಭೆಗೆ ಸಲ್ಲಿಸುವುದುಂಟು. ಕಚೇರಿ ಹತ್ತಿರದಲ್ಲಿದ್ದು, ವಾರ್ಡಿನ ಸದಸ್ಯರು ಪರಿಚಿತರಾಗಿರುವುದರಿಂದ ಇದು ಸಹಜ. ಆದರೆ ಪೊಲೀಸ್ ಠಾಣೆಯ ಮೇಲೆ ನಗರ ಸ್ಥಳೀಯ ಸಂಸ್ಥೆಗೆ ಆಡಳಿತಾಧಿಕಾರ ಇರುವುದಿಲ್ಲ. ಅಧಿಕಾರವಿಲ್ಲದ ಕಚೇರಿಯಲ್ಲಿ ಅರ್ಜಿಯು ಉಳಿದುಕೊಂಡಷ್ಟು ದಿನವೂ ದೂರುದಾರರಿಗೆ ನಷ್ಟವೇ. ಠಾಣೆಯ ಸಿ.ಸಿ.ಟಿ.ವಿ. ದೃಶ್ಯಾವಳಿಯನ್ನು ಅನಿರ್ದಿಷ್ಟ ಕಾಲ ಉಳಿಸಿಡಲಾಗುವುದಿಲ್ಲ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಲು ಸಹ ಕಾಲಮಿತಿ ಇದೆ. ಆದುದರಿಂದ ಯಾವ ದೂರು ಎಲ್ಲಿಗೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ನಗರಸಭೆಯ ಅಧಿಕಾರದ ಮಿತಿ

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಪೊಲೀಸ್ ಎರಡನೇ ನಮೂದಾಗಿದೆ. 74ನೇ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಾಗ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಸೇರಿಸಲಾಯಿತು. ಬೀದಿ ದೀಪ, ರಸ್ತೆ, ನೀರು ಸರಬರಾಜು, ಕಸಾಯಿಖಾನೆ, ಅಗ್ನಿಶಾಮಕ ಸೇವೆಗಳೂ ಅದರಲ್ಲಿವೆ, ಪೊಲೀಸ್ ಇಲ್ಲ. ಕರ್ನಾಟಕ ಪೊಲೀಸ್ ಅಧಿನಿಯಮ, 1963ರ ಮೇರೆಗೆ ಪೊಲೀಸ್ ಬಲದ ಮೇಲ್ವಿಚಾರಣೆಯು ರಾಜ್ಯ ಸರ್ಕಾರದಲ್ಲಿ ನಿಹಿತವಾಗಿದೆ. ಪೊಲೀಸ್ ಕಮಿಷನರೇಟ್ ಇಲ್ಲದ ಊರುಗಳ ಠಾಣೆಯು ವೃತ್ತ ನಿರೀಕ್ಷಕರು, ಉಪಾಧೀಕ್ಷಕರ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಧೀನವಾಗಿರುತ್ತದೆ. ಠಾಣಾಧಿಕಾರಿಯನ್ನು ವರ್ಗಾಯಿಸಬೇಕೆಂದು ಕೌನ್ಸಿಲ್ ಸಭೆಯು ಸರ್ವಾನುಮತದಿಂದ ಠರಾವು ಅಂಗೀಕರಿಸಿದರೂ ಅದು ಸರ್ಕಾರಕ್ಕೆ ಮಾಡಿದ ಮನವಿ ಮಾತ್ರವಾಗಿರುತ್ತದೆ.

ಹಾಗೆಂದು ಸ್ಥಳೀಯ ಸಂಸ್ಥೆಗೆ ಪಾತ್ರವೇ ಇಲ್ಲವೆಂದು ಭಾವಿಸಬಾರದು. ಎರಡು ಸಮಿತಿಗಳಲ್ಲಿ ಅದಕ್ಕೆ ಸ್ಥಾನವಿದೆ. ಈ ಎರಡರ ಬಗ್ಗೆಯೂ ನಾಗರಿಕರಿಗೆ ತಿಳಿದಿರುವುದು ಕಡಿಮೆ.

ಮೊದಲನೆಯದು ಸಿ.ಸಿ.ಟಿ.ವಿ. ಕುರಿತ ಜಿಲ್ಲಾ ಮಟ್ಟದ ಮೇಲುಸ್ತುವಾರಿ ಸಮಿತಿ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ನೀಡಿದ ಆದೇಶದಂತೆ ಪ್ರತಿಯೊಂದು ಠಾಣೆಯ ಪ್ರವೇಶದ್ವಾರ, ಬಂದೀಖಾನೆ, ಮೊಗಸಾಲೆ, ನಿರೀಕ್ಷಕರ ಕೊಠಡಿ, ಹಿಂಭಾಗ ಮೊದಲಾದ ಕಡೆಗಳಲ್ಲಿ ಧ್ವನಿ ಸಹಿತ ಚಿತ್ರೀಕರಿಸುವ ಕ್ಯಾಮೆರಾಗಳಿರಬೇಕು. ದೃಶ್ಯಾವಳಿಯನ್ನು 18 ತಿಂಗಳು ಉಳಿಸಿಡಬೇಕು. ಅಷ್ಟು ಸಾಮರ್ಥ್ಯದ ಉಪಕರಣ ದೊರೆಯದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಕೂಡದು. ಜಿಲ್ಲಾ ಸಮಿತಿಯಲ್ಲಿ ವಿಭಾಗೀಯ ಅಥವಾ ಪ್ರಾದೇಶಿಕ ಆಯುಕ್ತರು, ಜಿಲ್ಲಾ ದಂಡಾಧಿಕಾರಿಗಳು ಮತ್ತು ಪೊಲೀಸ್ ಅಧೀಕ್ಷಕರ ಜೊತೆಗೆ ಜಿಲ್ಲೆಯೊಳಗಿನ ಒಂದು ನಗರಾಡಳಿತ ಸಂಸ್ಥೆಯ ಮಹಾಪೌರರು, ಗ್ರಾಮಾಂತರ ಪ್ರದೇಶವಾದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು ಇರಬೇಕೆಂದು ನ್ಯಾಯಾಲಯ ನಿರ್ದೇಶಿಸಿದೆ. ಪ್ರತಿ ಊರಿಗೂ ಸ್ಥಾನ ದೊರೆಯುವುದಿಲ್ಲವೆಂಬುದು ಇದರ ಕೊರತೆ. ಆದರೂ ಇದರ ಕೆಲಸ ಕ್ಯಾಮೆರಾಗಳ ದುರಸ್ತಿಗೆ ಸೀಮಿತವಲ್ಲ. ಯಾರೂ ದೂರು ನೀಡದೆ ಉಳಿದ ಮಾನವ ಹಕ್ಕು ಉಲ್ಲಂಘನೆ ನಡೆದಿದೆಯೇ ಎಂದು ಸಂಗ್ರಹಿತ ದೃಶ್ಯಾವಳಿಯನ್ನು ಪರಿಶೀಲಿಸುವುದೂ, ಪ್ರತಿ ತಿಂಗಳು ರಾಜ್ಯ ಸಮಿತಿಗೆ ವರದಿ ಕಳುಹಿಸುವುದೂ ಸಮಿತಿಯ ಕರ್ತವ್ಯ. ಕ್ಯಾಮೆರಾ ಕೆಟ್ಟಲ್ಲಿ ಠಾಣಾಧಿಕಾರಿಯು ಈ ಸಮಿತಿಗೆ ತಿಳಿಸತಕ್ಕದ್ದು.

ಇದೇ ಆದೇಶದ ಮೇರೆಗೆ, ಇಲ್ಲಿ ಕ್ಯಾಮೆರಾ ಇದೆ, ಹಕ್ಕು ಉಲ್ಲಂಘನೆಯಾದಲ್ಲಿ ದೃಶ್ಯಾವಳಿಯನ್ನು ಕಾದಿರಿಸುವಂತೆ ಕೋರುವ ಹಕ್ಕು ಬಾಧಿತರಿಗಿದೆ ಎಂಬ ದೊಡ್ಡ ಫಲಕವನ್ನು ಠಾಣೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲಿಯೂ ಹಾಕಬೇಕು. ನಿಮ್ಮ ಠಾಣೆಯಲ್ಲಿ ಆ ಫಲಕ ಕಾಣದಿದ್ದಲ್ಲಿ ಅದನ್ನೇ ಒಂದು ಅರ್ಜಿಯ ವಿಷಯವಾಗಿಸಬಹುದು.

ಎರಡನೆಯದು ಪಟ್ಟಣ ವ್ಯಾಪಾರ ಸಮಿತಿ. ಬೀದಿ ಬದಿ ವ್ಯಾಪಾರಿಗಳ ಅಧಿನಿಯಮ, 2014ರಂತೆ ಸ್ಥಳೀಯ ಸಂಸ್ಥೆಯ ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿಗಳ ಅಧ್ಯಕ್ಷತೆಯ ಈ ಸಮಿತಿಯಲ್ಲಿ ಪೊಲೀಸ್ ಮತ್ತು ಸಂಚಾರ ಪೊಲೀಸ್ ಪ್ರತಿನಿಧಿಗಳಿರುತ್ತಾರೆ. ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ಪ್ರಮಾಣಪತ್ರದ ಷರತ್ತುಗಳಂತೆ ವ್ಯಾಪಾರ ಮಾಡುವವರನ್ನು ಪೊಲೀಸರಾಗಲಿ ಇತರ ಪ್ರಾಧಿಕಾರವಾಗಲಿ ತಡೆಯಕೂಡದೆಂದು ಅಧಿನಿಯಮದ 27ನೇ ಕಲಂ ಹೇಳುತ್ತದೆ. ಹೂವು, ತರಕಾರಿ ಮಾರುವವರ ದೂರಿಗೆ ನಗರಸಭೆಯೇ ಸರಿಯಾದ ಕಚೇರಿಯಾಗುವ ಸಂದರ್ಭ ಇದು.

ದೂರು ಸ್ವೀಕರಿಸದಿದ್ದಲ್ಲಿ

ಸಂಜ್ಞೇಯ ಅಪರಾಧದ ಮಾಹಿತಿ ದೊರೆತಾಗ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ವಿಧಾನದಲ್ಲಿ ನೀಡಿದಲ್ಲಿ ಮೂರು ದಿನಗಳೊಳಗೆ ಸಹಿ ಮಾಡಬೇಕು. ವರದಿಯ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಮೂರು ವರ್ಷ ಅಥವಾ ಮೇಲ್ಪಟ್ಟು, ಏಳು ವರ್ಷಕ್ಕೆ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಉಪಾಧೀಕ್ಷಕರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ.

ಠಾಣೆಯಲ್ಲಿ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬೇಕು. ಅಲ್ಲಿಯೂ ಕ್ರಮವಾಗದಿದ್ದಲ್ಲಿ ಪ್ರಮಾಣಪತ್ರ ಸಹಿತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಅಧೀಕ್ಷಕರಿಗೆ ಕಳುಹಿಸಿದ ಅಂಚೆ ರಶೀದಿ ಮ್ಯಾಜಿಸ್ಟ್ರೇಟರ ಮುಂದೆ ಬೇಕಾಗುವುದರಿಂದ ಅದನ್ನು ಜೋಪಾನವಾಗಿಡುವುದು. ಪ್ರಕರಣ ದಾಖಲಾದ ಬಳಿಕ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಬಾಧಿತರಿಗೆ ತಿಳಿಸಬೇಕೆಂದು ಇದೇ ಸಂಹಿತೆಯ 193ನೇ ಕಲಮಿನಲ್ಲಿದೆ.

ಪೊಲೀಸರ ವರ್ತನೆಯ ಬಗ್ಗೆ ದೂರಿದ್ದಲ್ಲಿ

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರದ ಸ್ಥಾಪನೆಯೂ ಒಂದು. ಕರ್ನಾಟಕದಲ್ಲಿ 2012ರ ತಿದ್ದುಪಡಿಯ ಮೂಲಕ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಾಧಿಕಾರಗಳಿಗೆ ಪೊಲೀಸ್ ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. ನ್ಯಾಯಾಲಯದ ನಿರ್ದೇಶನದಂತೆ ಉಪಾಧೀಕ್ಷಕರ ದರ್ಜೆಯವರೆಗಿನ ಸಿಬ್ಬಂದಿಯ ವಿರುದ್ಧದ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಅಧೀಕ್ಷಕರು ಮತ್ತು ಮೇಲ್ಪಟ್ಟವರ ವಿರುದ್ಧದ ದೂರು ರಾಜ್ಯ ಪ್ರಾಧಿಕಾರಕ್ಕೆ ಸೇರಿದ್ದು. ಅಭಿರಕ್ಷೆಯಲ್ಲಿ ಮರಣ, ತೀವ್ರ ಗಾಯ, ಅತ್ಯಾಚಾರದಂತಹ ಗಂಭೀರ ವಿಷಯಗಳಲ್ಲದೆ ಸುಲಿಗೆ, ಜಮೀನು ಅಥವಾ ಮನೆಯ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗಗಳನ್ನೂ ಜಿಲ್ಲಾ ಮಟ್ಟದಲ್ಲಿ ವಿಚಾರಿಸಬಹುದೆಂದು ಸದರಿ ನಿರ್ದೇಶನದಲ್ಲಿದೆ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯ ದಿನಾಂಕದಿಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಆಯೋಗವು ಠಾಣೆಯ ದೃಶ್ಯಾವಳಿಯನ್ನು ತರಿಸಿಕೊಂಡು ಕಾದಿರಿಸಬಲ್ಲದು. ಲಂಚದ ಬೇಡಿಕೆಯಿದ್ದಲ್ಲಿ ಲೋಕಾಯುಕ್ತ ಪೊಲೀಸರನ್ನು ಸಂಪರ್ಕಿಸುವುದು. 2016ರಲ್ಲಿ ರಚನೆಯಾಗಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಉಚ್ಚ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿರುವುದರಿಂದ ಹಳೆಯ ಕರಪತ್ರಗಳಲ್ಲಿರುವ ಆ ಹೆಸರಿಗೆ ಅರ್ಜಿ ಬರೆಯಬೇಡಿ. ಪೊಲೀಸ್ ಪರಿಶೀಲನೆಯಂತಹ ಸೇವೆಗಳ ವಿಳಂಬವು ಮೇಲಿನ ಯಾವ ಪ್ರಾಧಿಕಾರದ ವಿಷಯವೂ ಅಲ್ಲ. ಸೇವೆಯು ಸಕಾಲದ ಪಟ್ಟಿಯಲ್ಲಿದ್ದರೆ ಸ್ವೀಕೃತಿ ಸಂಖ್ಯೆಯೊಂದಿಗೆ ಅಲ್ಲಿಯೇ ಮೇಲ್ಮನವಿ ಸಲ್ಲಿಸಬೇಕು.

ಅರ್ಜಿ ಬರೆಯುವ ಬಗೆ

ಅರ್ಜಿಯು ಉದ್ದವಿರಬೇಕಾಗಿಲ್ಲ. ದಿನಾಂಕ, ಠಾಣೆಗೆ ಹೋದ ಮತ್ತು ಹೊರಬಂದ ಸಮಯ, ಕುಳಿತಿದ್ದ ಅಥವಾ ಕೂರಿಸಿದ್ದ ಸ್ಥಳ, ಸಿಬ್ಬಂದಿಯ ಹೆಸರು ಗೊತ್ತಿಲ್ಲದಿದ್ದಲ್ಲಿ ಹುದ್ದೆ, ಜೊತೆಯಲ್ಲಿದ್ದವರು ಯಾರು ಎಂಬುದನ್ನು ಬರೆದರೆ ಸಾಕು. ಸಮಯ ಮತ್ತು ಸ್ಥಳವನ್ನು ನಿಖರವಾಗಿ ಬರೆದಲ್ಲಿ ಮಾತ್ರ ಯಾವ ಕ್ಯಾಮೆರಾದ ಯಾವ ಗಂಟೆಯ ದೃಶ್ಯ ಬೇಕೆಂದು ಕೇಳಲು ಸಾಧ್ಯ. ಗಾಯವಾಗಿದ್ದಲ್ಲಿ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ದಾಖಲೆ ಮಾಡಿಸಿಕೊಳ್ಳುವುದು.

ದೃಶ್ಯಾವಳಿ ಕಾದಿರಿಸುವ ಕೋರಿಕೆಯನ್ನು ಮುಖ್ಯ ದೂರಿನೊಂದಿಗೆ ಬೆರೆಸದೆ ಪ್ರತ್ಯೇಕ ಹಾಳೆಯಲ್ಲಿ ಬರೆದು ಪೊಲೀಸ್ ಅಧೀಕ್ಷಕರಿಗೂ, ಮೇಲುಸ್ತುವಾರಿ ಸಮಿತಿಯ ಸದಸ್ಯರಾದ ಜಿಲ್ಲಾ ದಂಡಾಧಿಕಾರಿಗಳಿಗೂ ಕೂಡಲೇ ಕಳುಹಿಸಬೇಕು. ನೇರವಾಗಿ ಸಲ್ಲಿಸುವವರು ಎರಡನೇ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಸಹಿತ ಸ್ವೀಕೃತಿ ಪಡೆಯತಕ್ಕದ್ದು. ದೂರನ್ನು ಮುಕ್ತಾಯಗೊಳಿಸಿರುವುದಾಗಿ ಬಾಯಿಮಾತಿನಲ್ಲಿ ತಿಳಿಸಿದಲ್ಲಿ ಲಿಖಿತ ಹಿಂಬರಹವನ್ನು ಕೇಳಿ ಪಡೆಯಿರಿ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಅಭಿರಕ್ಷೆಯಲ್ಲಿರುವವರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದು, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದಾಗಿದೆ.