ಠಾಣೆಯ ಮೊದಲ ಗಂಟೆ: ಆಟಿಸಂ ಇರುವ ಶಂಕಿತರಿಗೆ ಇಂಗ್ಲೆಂಡಿನ ಕಾನೂನು ರಕ್ಷಣೆ ಮತ್ತು ಹೆತ್ತವರ ಪಾತ್ರ

ಪೀಠಿಕೆ

ಪೊಲೀಸ್ ವಿಚಾರಣೆಯೆಂದರೆ ಬಹುಪಾಲು ಮಾತಿನ ವ್ಯವಹಾರ. ಪ್ರಶ್ನೆಯ ಹಿಂದೆ ಯಾವ ಉದ್ದೇಶವಿದೆ, ಸೌಮ್ಯವಾಗಿ ಮಾತಾಡುವ ಅಧಿಕಾರಿ ನಿಜಕ್ಕೂ ತನ್ನ ಹಿತ ಬಯಸುತ್ತಿದ್ದಾರೆಯೇ, ಎಲ್ಲಿ ಸುಮ್ಮನಿರಬೇಕು, ಯಾವಾಗ ವಕೀಲರನ್ನು ಕೇಳಬೇಕು ಎಂಬುದೆಲ್ಲ ಠಾಣೆಗೆ ಬಂದವನಿಗೆ ತಾನಾಗಿ ಅರ್ಥವಾಗುತ್ತದೆ ಎಂದು ಕಾನೂನು ನಂಬಿಕೊಂಡಿದೆ. ಆಟಿಸಂ ಇರುವ ಅನೇಕರಿಗೆ ಕಷ್ಟವಾಗುವುದು ಇದೇ. ಹಕ್ಕುಗಳನ್ನು ಓದಿ ಹೇಳಿದರೂ ಅವು ಅವರ ಕೈಗೆ ಸಿಗುವುದಿಲ್ಲ.

ಈ ಕೊರತೆಯನ್ನು ತುಂಬಲು ಇಂಗ್ಲೆಂಡ್ ಮತ್ತು ವೇಲ್ಸ್ ಸುಮಾರು ನಾಲ್ಕು ದಶಕಗಳಿಂದ ಒಂದು ವ್ಯವಸ್ಥೆಯನ್ನು ರೂಪಿಸಿಕೊಂಡು ಬಂದಿವೆ. ಅದರ ಚರಿತ್ರೆ, ನಿಯಮಗಳು ಮತ್ತು ಮಿತಿಗಳನ್ನು ಹೆತ್ತವರ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟು: ಕಾನೂನಿನ ಮುಖ್ಯ ತಿರುವುಗಳ ಹಿಂದೆ ಸುಮ್ಮನಿರಲು ಒಪ್ಪದ ತಂದೆತಾಯಿಗಳೂ ಕುಟುಂಬಗಳೂ ಇವೆ. ಆದರೆ ಅವರ ತಿಳಿವಳಿಕೆಗೆ ಬೆಲೆ ಸಿಕ್ಕಿದ್ದು ಹಲವು ವರ್ಷಗಳ ಮೇಲೆ. ಅದು ಸಿಗಬೇಕಾದದ್ದು ಠಾಣೆಯ ಮೊದಲ ಗಂಟೆಯಲ್ಲಿ.

ಒಬ್ಬ ತಂದೆಯ ಹೋರಾಟ, ಒಂದು ಕಾಯಿದೆ

1972ರ ಏಪ್ರಿಲ್‌ನಲ್ಲಿ ದಕ್ಷಿಣ ಲಂಡನ್ನಿನ ಕ್ಯಾಟ್‌ಫೋರ್ಡ್‌ನಲ್ಲಿ ಬೆಂಕಿ ಬಿದ್ದ ಮನೆಯೊಂದರಲ್ಲಿ ಮ್ಯಾಕ್ಸ್‌ವೆಲ್ ಕಾನ್ಫೇಟ್ ಎಂಬವರ ಶವ ಸಿಕ್ಕಿತು. ಪೊಲೀಸರು ಮೂವರು ಹುಡುಗರನ್ನು ಹಿಡಿದರು. ಒಬ್ಬನಿಗೆ 14, ಇನ್ನೊಬ್ಬನಿಗೆ 15, ಮತ್ತೊಬ್ಬನಿಗೆ 18 ವರ್ಷ. ಹದಿನೆಂಟರವನ ಬುದ್ಧಿಮಟ್ಟ ಎಂಟು ವರ್ಷದ ಮಗುವಿನಷ್ಟೇ ಇತ್ತು. ಅವರು ಮೊದಲು ತಪ್ಪೊಪ್ಪಿಕೊಂಡಾಗ ಹೆತ್ತವರು ಜೊತೆಗಿರಲಿಲ್ಲ. ಸಾವಿನ ಸಮಯದ ಕುರಿತ ವೈದ್ಯಕೀಯ ಸಾಕ್ಷ್ಯಕ್ಕೂ ಆ ಹೇಳಿಕೆಗಳಿಗೂ ತಾಳೆಯಿರಲಿಲ್ಲ. ಆದರೂ ಅದೇ ವರ್ಷ ಮೂವರಿಗೂ ಶಿಕ್ಷೆಯಾಯಿತು.

ಹಿರಿಯ ಹುಡುಗನ ತಂದೆ ಸುಮ್ಮನಾಗಲಿಲ್ಲ. ಅಧಿಕಾರದಲ್ಲಿದ್ದವರಿಗೆಲ್ಲ ಪತ್ರ ಬರೆದರು. ಸಂಸದ ಕ್ರಿಸ್ಟೋಫರ್ ಪ್ರೈಸ್ ಪ್ರಕರಣವನ್ನು ಕೈಗೆತ್ತಿಕೊಂಡರು. 1975ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಗಳನ್ನು ರದ್ದು ಮಾಡಿತು. ವಿಚಾರಣೆಯ ನಿಯಮಗಳನ್ನು ಹೇಗೆ ಮುರಿಯಲಾಗಿತ್ತು ಎಂಬುದನ್ನು 1977ರ ಫಿಶರ್ ವರದಿ ದಾಖಲಿಸಿತು. ಹುಡುಗರು ನಿರಪರಾಧಿಗಳೆಂದು ಸರ್ಕಾರದ ಅಟಾರ್ನಿ ಜನರಲ್ ಹೇಳಿದ್ದು 1980ರಲ್ಲಿ. ಈ ಪ್ರಕರಣದ ಬೆನ್ನಿಗೆ ನೇಮಕವಾದ ರಾಯಲ್ ಆಯೋಗ 1981ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯಿದೆ ಬಂದಿತು. ಅದನ್ನು ‘ಪೇಸ್’ ಎಂದು ಕರೆಯುವುದು ರೂಢಿ.

ಕಾನ್ಫೇಟ್ ಪ್ರಕರಣದ ಹಿರಿಯ ಹುಡುಗನಿಗೆ ಇದ್ದದ್ದು ಆಟಿಸಂ ಅಲ್ಲ, ಬೌದ್ಧಿಕ ಅಂಗವೈಕಲ್ಯ. ಆದರೂ ಇಂದು ಆಟಿಸಂ ಇರುವ ಶಂಕಿತನಿಗೆ ಸಿಗುವ ರಕ್ಷಣೆಯ ಬೇರು ಅಲ್ಲೇ ಇದೆ.

ಕೋಡ್ ಸಿ ಏನು ಹೇಳುತ್ತದೆ

ಪೇಸ್ ಕಾಯಿದೆಯಡಿ ಬಂಧಿತರನ್ನು ನಡೆಸಿಕೊಳ್ಳುವ ನಿಯಮಾವಳಿಗೆ ‘ಕೋಡ್ ಸಿ’ ಎಂದು ಹೆಸರು. ಅದರ ಪ್ರಕಾರ 18 ವರ್ಷದೊಳಗಿನವರನ್ನೂ, ವಯಸ್ಕರಾದರೂ ‘ದುರ್ಬಲ ಸ್ಥಿತಿಯಲ್ಲಿರುವವರು’ ಎಂದು ಕಂಡವರನ್ನೂ ‘ಅಪ್ರೋಪ್ರಿಯೇಟ್ ಅಡಲ್ಟ್’ ಇಲ್ಲದೆ ವಿಚಾರಣೆಗೆ ಕೂರಿಸುವಂತಿಲ್ಲ. ತೀರಾ ತುರ್ತಿನ ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಈ ‘ಅಪ್ರೋಪ್ರಿಯೇಟ್ ಅಡಲ್ಟ್’ ಅನ್ನು ಇಲ್ಲಿ ಸಹಾಯಕ ವಯಸ್ಕ ಎಂದು ಕರೆಯುತ್ತೇನೆ. ತಂದೆ, ತಾಯಿ, ಬಂಧು, ಪಾಲಕರು, ಇಲ್ಲವೇ ತರಬೇತಿ ಪಡೆದ ಸ್ವಯಂಸೇವಕರು ಈ ಸ್ಥಾನದಲ್ಲಿ ಕೂರಬಹುದು. ಪೊಲೀಸರು ಕೂರುವಂತಿಲ್ಲ. ಆರೋಪಿಯ ವಕೀಲರಾಗಿ ಬಂದವರೂ ಕೂರುವಂತಿಲ್ಲ.

2018ರ ಜುಲೈನಲ್ಲಿ ಜಾರಿಗೆ ಬಂದ ಪರಿಷ್ಕರಣೆ ಆಟಿಸಂ ಇರುವವರ ಮಟ್ಟಿಗೆ ಮಹತ್ವದ್ದು. ಹಿಂದಿನ ನಿಯಮ ಮಾನಸಿಕ ಅಸ್ವಸ್ಥತೆಯ ಭಾಷೆಯಲ್ಲಿ ಮಾತಾಡುತ್ತಿತ್ತು. ಹೊಸ ನಿಯಮ ವ್ಯಕ್ತಿಯ ನಡವಳಿಕೆ ಮತ್ತು ಗ್ರಹಿಕೆಯನ್ನು ನೋಡುತ್ತದೆ. ತನಗೆ ಹೇಳಿದ್ದರ ಪೂರ್ಣ ಪರಿಣಾಮ ಅರ್ಥವಾಗುತ್ತದೆಯೇ? ಬೇಗ ಗೊಂದಲಕ್ಕೆ ಒಳಗಾಗುತ್ತಾನೆಯೇ? ತನಗರಿವಿಲ್ಲದೆ ತನ್ನ ವಿರುದ್ಧವೇ ಮಾಹಿತಿ ಕೊಡುವ ಸಂಭವವಿದೆಯೇ? ಎದುರಿನವರ ಸೂಚನೆಗೆ ಮರುಮಾತಿಲ್ಲದೆ ಹೂಂ ಎನ್ನುತ್ತಾನೆಯೇ? ಇಂಥ ಯಾವುದಾದರೂ ಅನುಮಾನಕ್ಕೆ ಕಾರಣವಿದ್ದರೆ, ಆ ಅನುಮಾನ ಸ್ಪಷ್ಟವಾಗಿ ನಿವಾರಣೆಯಾಗುವ ತನಕ ರಕ್ಷಣೆ ಕೊಡಲೇಬೇಕು. ವೈದ್ಯರ ಪ್ರಮಾಣಪತ್ರ ಬರಲಿ ಎಂದು ಕಾಯುವ ಹಾಗಿಲ್ಲ.

ಸಹಾಯಕ ವಯಸ್ಕರ ಕೆಲಸವನ್ನೂ ಕೋಡ್ ಬಿಡಿಸಿ ಹೇಳುತ್ತದೆ: ಶಂಕಿತನಿಗೆ ಸಲಹೆ ಕೊಡುವುದು, ವಿಚಾರಣೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ಗಮನಿಸುವುದು, ಮಾತುಕತೆ ಸುಗಮವಾಗುವಂತೆ ನೆರವಾಗುವುದು. ಶಂಕಿತ ಬೇಡವೆಂದರೂ ಅವರು ವಕೀಲರನ್ನು ಕರೆಸಬಹುದು. ಬರೀ ಪ್ರೇಕ್ಷಕರಾಗಿ ಕೂರುವುದು ಅವರಿಂದ ನಿರೀಕ್ಷಿತವಲ್ಲ ಎಂದು ಕೋಡ್ ನೇರವಾಗಿ ಹೇಳಿದೆ.

ವಿಚಾರಣಾ ಕೊಠಡಿಯೊಳಗೆ

ಬಂಧನದ ಹೊತ್ತಿಗೆ ಇಂಗ್ಲೆಂಡಿನ ಪೊಲೀಸರು ಹೇಳುವ ಎಚ್ಚರಿಕೆಯ ವಾಕ್ಯದಲ್ಲಿ ಮೂರು ಮಾತುಗಳಿವೆ: ನೀನು ಏನನ್ನೂ ಹೇಳಬೇಕಾಗಿಲ್ಲ, ಆದರೆ ಮುಂದೆ ನ್ಯಾಯಾಲಯದಲ್ಲಿ ನೆಚ್ಚಿಕೊಳ್ಳುವ ಸಂಗತಿಯನ್ನು ಈಗ ಹೇಳದಿದ್ದರೆ ನಿನ್ನ ವಾದಕ್ಕೆ ಧಕ್ಕೆಯಾಗಬಹುದು, ಹೇಳಿದ್ದನ್ನು ಸಾಕ್ಷ್ಯವಾಗಿ ಬಳಸಬಹುದು. 1994ರ ಕಾಯಿದೆಯಿಂದ ಬಂದ ನಡುವಿನ ಮಾತು ಮೊದಲ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಕೇಳಿದ ಮಾತನ್ನು ಅಕ್ಷರಶಃ ಗ್ರಹಿಸುವವರಿಗೆ ಇದು ದೊಡ್ಡ ಗೋಜಲು. ಮಾತಾಡಬೇಕೇ, ಬೇಡವೇ ಎಂಬ ಸಾದಾ ಪ್ರಶ್ನೆಗೂ ಅದರಲ್ಲಿ ಸಾದಾ ಉತ್ತರವಿಲ್ಲ.

ಒಂದು ಸಣ್ಣ ಉದಾಹರಣೆ ನೋಡೋಣ. ‘ನಿನ್ನ ಫೋನ್ ಕೊಡೋದಕ್ಕೆ ಆಗುತ್ತಾ?’ ಎಂದು ಅಧಿಕಾರಿ ಕೇಳುತ್ತಾರೆ. ಹುಡುಗ ‘ಆಗುತ್ತೆ’ ಎಂದು ಹೇಳಿ ಫೋನನ್ನು ಕೈಯಲ್ಲೇ ಹಿಡಿದು ಕೂರುತ್ತಾನೆ. ಅವನ ಮಟ್ಟಿಗೆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಾಯಿತು. ಅಧಿಕಾರಿಗೆ ಅದು ಉದ್ಧಟತನವಾಗಿ ಕಾಣುತ್ತದೆ. ಕಣ್ಣು ತಪ್ಪಿಸಿದರೆ ಅಪರಾಧ ಪ್ರಜ್ಞೆ, ಕೈ ಅಲ್ಲಾಡಿಸಿದರೆ ಮಾದಕವಸ್ತುವಿನ ಅನುಮಾನ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ತಾಳಲಾರದೆ ಕಿವಿ ಮುಚ್ಚಿಕೊಂಡರೆ ಅಸಹಕಾರ. ಹೀಗೆ ಒಂದೊಂದು ಲಕ್ಷಣವೂ ತಪ್ಪಿನ ಗುರುತಾಗಿ ದಾಖಲೆಯಲ್ಲಿ ಸೇರುವ ಅಪಾಯವಿದೆ. ‘ಆಗುತ್ತಾ ಅಂತ ಕೇಳಬೇಡಿ ಸಾರ್, ಫೋನ್ ಕೊಡು ಅಂತ ಹೇಳಿ’ ಎನ್ನುವ ತಾಯಿ ಪಕ್ಕದಲ್ಲಿದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಸಂಶೋಧನೆ ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ತೋರಿಸಿದೆ. ತಪ್ಪೊಪ್ಪಿಗೆಗಳ ಮನಶ್ಶಾಸ್ತ್ರವನ್ನು ದಶಕಗಳ ಕಾಲ ಅಭ್ಯಸಿಸಿದ ಗಿಸ್ಲಿ ಗುಡ್ಯಾನ್ಸನ್, ಎದುರಿನವರ ಸೂಚನೆಯನ್ನು ನಿಜವೆಂದೇ ನಂಬುವುದನ್ನು ಒಂದು ಗುಣವೆಂದೂ, ನಂಬದೆಯೂ ತಲೆಯಾಡಿಸುವುದನ್ನು ಇನ್ನೊಂದು ಗುಣವೆಂದೂ ಬೇರ್ಪಡಿಸಿದರು. ಅವರೂ ಸಹೋದ್ಯೋಗಿಗಳೂ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ವಯಸ್ಕರು ಸೂಚನೆಗೆ ಮರುಳಾಗುವುದರಲ್ಲಿ ಉಳಿದವರಿಗಿಂತ ಬೇರೆಯಾಗಿರಲಿಲ್ಲ. ಆದರೆ ಜಗಳ ಬೇಡವೆಂದು, ಎದುರಿನವರಿಗೆ ಬೇಸರವಾಗದಿರಲೆಂದು ಒಪ್ಪಿಕೊಳ್ಳುವ ಪ್ರವೃತ್ತಿ ಅವರಲ್ಲಿ ಹೆಚ್ಚಾಗಿ ಕಂಡಿತು. ಅವರ ನೆನಪು ಕೆಡದಿರಬಹುದು. ಕೆಡುವುದು ಒತ್ತಡದ ಮುಂದೆ ಆ ನೆನಪಿಗೆ ಅಂಟಿಕೊಳ್ಳುವ ಶಕ್ತಿ. ‘ಆ ದಿನ ನೀನು ಅವರ ಜೊತೆಗಿದ್ದೆ, ಅಲ್ವಾ?’ ಎಂಬ ಪ್ರಶ್ನೆಗೆ ಬರುವ ‘ಹೌದು’ ಎಷ್ಟೋ ಸಲ ಕೊಠಡಿಯಿಂದ ಬೇಗ ಹೊರಬೀಳುವ ಹಂಬಲದಿಂದ ಬಂದದ್ದಾಗಿರಬಹುದು.

ಸಂಶೋಧಕಿ ಲಾರಾ ಕ್ರೇನ್ ಮತ್ತು ಸಂಗಡಿಗರ 2016ರ ಸಮೀಕ್ಷೆಯಲ್ಲಿ 394 ಪೊಲೀಸ್ ಅಧಿಕಾರಿಗಳು, ಆಟಿಸಂ ಇರುವ 31 ವಯಸ್ಕರು ಮತ್ತು 49 ಪೋಷಕರು ಪಾಲ್ಗೊಂಡಿದ್ದರು. ಆಟಿಸಂ ಕುರಿತು ತರಬೇತಿ ಪಡೆದಿದ್ದ ಅಧಿಕಾರಿಗಳು ಶೇ. 37 ಮಾತ್ರ. ಆಟಿಸಂ ಇರುವವರೊಂದಿಗೆ ತಾವು ಕೆಲಸ ಮಾಡಿದ ರೀತಿ ತೃಪ್ತಿಕರ ಎಂದವರು ಶೇ. 42. ಆಟಿಸಂ ಇರುವವರು ಮತ್ತು ಪೋಷಕರ ಪೈಕಿ ಬಹುಪಾಲು ಜನ ಅತೃಪ್ತರಾಗಿದ್ದರು.

ಹೆತ್ತವರು ಪಕ್ಕದಲ್ಲಿದ್ದರೆ ಸಾಕೇ?

ಸಾಕು ಎನ್ನುವುದು ಸುಲಭ. ಆದರೆ ಕೋಡ್ ಸಿ ಇಲ್ಲಿ ಎಚ್ಚರದಿಂದಿದೆ. ದುರ್ಬಲ ವಯಸ್ಕರ ವಿಷಯದಲ್ಲಿ, ತರಬೇತಿ ಇಲ್ಲದ ಬಂಧುವಿಗಿಂತ ಅನುಭವವುಳ್ಳ ಬೇರೊಬ್ಬರು ಮೇಲಾಗಬಹುದು, ಆದರೆ ಶಂಕಿತ ಬಂಧುವನ್ನೇ ಬಯಸಿದರೆ ಸಾಧ್ಯವಾದಷ್ಟು ಅದನ್ನು ಗೌರವಿಸಬೇಕು ಎನ್ನುತ್ತದೆ. ಈ ಎಚ್ಚರಕ್ಕೆ ಕಾರಣಗಳಿವೆ.

ಮೊದಲನೆಯದು ಹೆತ್ತವರ ಮನಸ್ಸು. ಮಗನನ್ನು ಠಾಣೆಯಲ್ಲಿ ಕಂಡ ತಂದೆಗೆ ಅವಮಾನ, ಭಯ, ಸಿಟ್ಟು ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ‘ನಡೆದದ್ದನ್ನು ಹೇಳಿಬಿಡು, ಮನೆಗೆ ಹೋಗೋಣ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಒತ್ತಡಕ್ಕೆ ತಲೆಬಾಗುವ ಸ್ವಭಾವದ ಹುಡುಗನಿಗೆ ಅದು ಇನ್ನೊಂದು ಒತ್ತಡ, ಅದೂ ತಾನು ಎಂದೂ ಮೀರದವರಿಂದ ಬಂದದ್ದು.

ಎರಡನೆಯದು ಗೋಪ್ಯತೆ. ವಕೀಲರೊಂದಿಗೆ ಆಡಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. ಸಹಾಯಕ ವಯಸ್ಕರೊಂದಿಗೆ ಆಡಿದ ಮಾತಿಗೆ ಆ ರಕ್ಷಣೆಯಿಲ್ಲ. ಆದ್ದರಿಂದಲೇ ವಕೀಲರನ್ನು ಒಂಟಿಯಾಗಿ ಕಾಣುವ ಅವಕಾಶ ಶಂಕಿತನಿಗೆ ಇರಬೇಕೆಂದು ಕೋಡ್ ಹೇಳುತ್ತದೆ. ಮಗ ಮನೆಯಲ್ಲೇ ತಾಯಿಯ ಮುಂದೆ ತಪ್ಪು ಒಪ್ಪಿಕೊಂಡಿದ್ದರೆ, ಆ ತಾಯಿ ಈ ಸ್ಥಾನಕ್ಕೆ ತಕ್ಕವರಲ್ಲ ಎಂಬ ಸೂಚನೆಯೂ ಕೋಡಿನಲ್ಲಿದೆ. ಸಾವಿರ ಸಲ ಮಗನ ಮಾತಿಗೆ ದನಿಯಾದ ತಾಯಿ ಅತ್ಯಂತ ಅಗತ್ಯದ ಹೊತ್ತಿನಲ್ಲಿ ಹೊರಗೆ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ನಿಯಮ ನ್ಯಾಯವಾದದ್ದೇ, ಅದರ ನೋವೂ ನಿಜವಾದದ್ದೇ.

ಮೂರನೆಯದು ಕಾನೂನಿನಲ್ಲೇ ಉಳಿದ ಬಿರುಕು. ಮಕ್ಕಳಿಗೆ ಸಹಾಯಕ ವಯಸ್ಕರನ್ನು ಒದಗಿಸುವ ಹೊಣೆಯನ್ನು 1998ರ ಕಾಯಿದೆ ಸ್ಥಳೀಯ ಆಡಳಿತದ ಮೇಲೆ ಹೊರಿಸಿದೆ. ವಯಸ್ಕರ ವಿಷಯದಲ್ಲಿ ಅಂಥ ಶಾಸನಬದ್ಧ ಹೊಣೆ ಯಾರ ಮೇಲೂ ಇಲ್ಲ. ರಾಷ್ಟ್ರೀಯ ಸಹಾಯಕ ವಯಸ್ಕರ ಜಾಲವು 2015ರ ವರದಿಯಲ್ಲಿ ಈ ಕೊರತೆಯನ್ನೇ ಎತ್ತಿ ತೋರಿಸಿತು. ಹದಿನೆಂಟು ತುಂಬಿದ ಮಾತ್ರಕ್ಕೆ ಆಟಿಸಂ ಬಿಟ್ಟುಹೋಗುವುದಿಲ್ಲ. ಬಿಟ್ಟುಹೋಗುವುದು ಖಚಿತವಾದ ರಕ್ಷಣೆ.

ಕೇಳದ ಪ್ರಶ್ನೆಯ ಬೆಲೆ

2008ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಲಂಡನ್ನಿನ ಆಕ್ಟನ್ ಈಜುಕೊಳಕ್ಕೆ ವಿಶೇಷ ಶಾಲೆಯೊಂದರ ಮಕ್ಕಳು ಬಂದಿದ್ದರು. ತೀವ್ರ ಆಟಿಸಂ ಮತ್ತು ಅಪಸ್ಮಾರ ಇದ್ದ 16 ವರ್ಷದ ಹುಡುಗನೊಬ್ಬ ನೀರನ್ನು ನೋಡುತ್ತ ಕೊಳದ ಅಂಚಿನಲ್ಲಿ ನಿಂತುಬಿಟ್ಟ. ಕೊಳದ ಸಿಬ್ಬಂದಿ ಪೊಲೀಸರನ್ನು ಕರೆದರು. ಅವನನ್ನು ಬಲ್ಲ ಆರೈಕೆದಾರರು ಅಲ್ಲೇ ಇದ್ದರು. ಅವರನ್ನು ಸರಿಯಾಗಿ ವಿಚಾರಿಸದೆ ಪೊಲೀಸರು ಮೈ ಮುಟ್ಟಿದರು. ಹುಡುಗ ಬಟ್ಟೆ ಸಮೇತ ನೀರಿಗೆ ಹಾರಿದ. ಮೇಲೆತ್ತಿ ಕೈಕೋಳ ಹಾಕಿ, ಕಾಲಿಗೆ ಪಟ್ಟಿ ಬಿಗಿದು, ಒದ್ದೆ ಮೈಯಲ್ಲೇ ವ್ಯಾನಿನ ಪಂಜರದೊಳಗೆ ಕೂರಿಸಿದರು. ಅವನು ಯಾವ ಅಪರಾಧವನ್ನೂ ಮಾಡಿರಲಿಲ್ಲ.

ಕುಟುಂಬ ಅವನ ಪರವಾಗಿ ಮೊಕದ್ದಮೆ ಹೂಡಿತು. 2012ರಲ್ಲಿ ಹೈಕೋರ್ಟ್ 28,250 ಪೌಂಡ್ ಪರಿಹಾರ ವಿಧಿಸಿತು. ಪೊಲೀಸರ ಮೇಲ್ಮನವಿಯನ್ನು 2013ರಲ್ಲಿ ಲಾರ್ಡ್ ಡೈಸನ್ ನೇತೃತ್ವದ ಪೀಠ ತಳ್ಳಿಹಾಕಿತು. ಅಮಾನವೀಯ ನಡವಳಿಕೆಯ ನಿಷೇಧವೂ, ಸ್ವಾತಂತ್ರ್ಯ ಮತ್ತು ಖಾಸಗಿತನದ ಹಕ್ಕುಗಳೂ, ಅಂಗವೈಕಲ್ಯ ಕಾನೂನೂ ಉಲ್ಲಂಘನೆಯಾಗಿವೆ ಎಂಬ ತೀರ್ಮಾನ ನಿಂತಿತು. ಬಲ್ಲವರನ್ನು ಕೇಳುವುದು ಸೌಜನ್ಯವಲ್ಲ, ಕರ್ತವ್ಯ: ಈ ತೀರ್ಪಿನ ತಿರುಳು ಅದು.

ಗ್ಯಾರಿ ಮೆಕಿನನ್ ಪ್ರಕರಣ ಇನ್ನೊಂದು ಪಾಠ. ಅಮೆರಿಕದ ಸರ್ಕಾರಿ ಕಂಪ್ಯೂಟರುಗಳಿಗೆ ಕನ್ನ ಹಾಕಿದ ಆರೋಪದಲ್ಲಿ 2002ರಲ್ಲಿ ಪೊಲೀಸರು ವಿಚಾರಿಸಿದಾಗ ಅವರು ಒಪ್ಪಿಕೊಂಡಿದ್ದರು. ಆಸ್ಪರ್ಜರ್ ಸಿಂಡ್ರೋಮ್ ಇದೆ ಎಂದು ತಜ್ಞರು ಗುರುತಿಸಿದ್ದು 2008ರಲ್ಲಿ. ವಿಚಾರಣೆಯ ದಿನ ಯಾರಿಗೂ ಗೊತ್ತಿಲ್ಲದ ಸ್ಥಿತಿಗೆ ಯಾವ ರಕ್ಷಣೆ ಸಿಕ್ಕೀತು? ಮಗನನ್ನು ಅಮೆರಿಕಕ್ಕೆ ಒಪ್ಪಿಸುವುದರ ವಿರುದ್ಧ ತಾಯಿ ಜಾನಿಸ್ ಶಾರ್ಪ್ ವರ್ಷಗಳ ಕಾಲ ಹೋರಾಡಿದರು. 2012ರ ಅಕ್ಟೋಬರ್ 16ರಂದು ಗೃಹ ಸಚಿವೆ ಥೆರೇಸಾ ಮೇ ಆ ಹಸ್ತಾಂತರವನ್ನು ತಡೆದರು.

ನಮ್ಮ ಕಾನೂನಿಗೆ ಇರುವ ನಂಟು

ಭಾರತ ಮತ್ತು ಬ್ರಿಟನ್ ಎರಡೂ ಒಪ್ಪಿರುವ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ ನ್ಯಾಯ ಪಡೆಯುವ ಹಕ್ಕನ್ನೂ ಪೊಲೀಸರ ತರಬೇತಿಯನ್ನೂ ಒಟ್ಟಿಗೆ ಹೇಳುತ್ತದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆ. ಅದರ 12ನೇ ಕಲಮು ನ್ಯಾಯದ ಪ್ರವೇಶವನ್ನು ಖಾತರಿ ಮಾಡುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷ್ಯವಾಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಕಾನೂನು ಇಂಗ್ಲೆಂಡಿನದಕ್ಕಿಂತ ಗಟ್ಟಿ. ಆದರೆ ಆ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಆ ಭಾಗ ಸಾಕ್ಷ್ಯವಾಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು ವಿಚಾರಣೆಯ ವೇಳೆ ವಕೀಲರನ್ನು ಕಾಣಲು ಬಿಡುತ್ತದೆ, ಉದ್ದಕ್ಕೂ ಅಲ್ಲ. 18ರೊಳಗಿನವರಿಗೆ ಬಾಲನ್ಯಾಯ ಕಾಯಿದೆಯ ಆಸರೆಯಿದೆ. ಅದು ದಾಟಿದ, ಆಟಿಸಂ ಇರುವ ಶಂಕಿತನ ಪಕ್ಕದಲ್ಲಿ ಒಬ್ಬ ಸಹಾಯಕ ವಯಸ್ಕ ಕೂರಲೇಬೇಕೆಂಬ ನಿಯಮ ಈ ಸಂಹಿತೆಯಲ್ಲಿಲ್ಲ.

ಉಪಸಂಹಾರ

ಮೇಲಿನ ಪ್ರಕರಣಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಹೆತ್ತವರ ತಿಳಿವಳಿಕೆ ತನಿಖೆಗೆ ಬೇಕಾದ ಮಾಹಿತಿ. ಅದನ್ನು ವಿಚಾರಣೆಗೆ ಮೊದಲೇ ಕೇಳಿ ದಾಖಲಿಸಬೇಕು. ಆದರೆ ಅವರೊಬ್ಬರನ್ನೇ ರಕ್ಷಣೆ ಎಂದು ನೆಚ್ಚಬಾರದು. ವಕೀಲರೂ ತರಬೇತಿ ಪಡೆದ ಸಹಾಯಕರೂ ಜೊತೆಗಿರಬೇಕು. ಹದಿನೆಂಟು ತುಂಬಿದ್ದು ರಕ್ಷಣೆ ಕೈಬಿಡಲು ಕಾರಣವಾಗಬಾರದು.

ಪತ್ರ ಬರೆಯುವ ತಂದೆ, ಹತ್ತು ವರ್ಷ ಓಡಾಡುವ ತಾಯಿ, ಮೊಕದ್ದಮೆ ನಡೆಸುವ ಶಕ್ತಿಯುಳ್ಳ ಮನೆ ಎಲ್ಲ ಶಂಕಿತರಿಗೂ ಇರುವುದಿಲ್ಲ. ಹೆತ್ತವರ ತ್ರಾಣದ ಮೇಲೆ ನಿಂತ ರಕ್ಷಣೆಯನ್ನು ಕಾನೂನಿನ ರಕ್ಷಣೆ ಎಂದು ಕರೆಯಲಾಗದು. ಕರ್ನಾಟಕ ಪೊಲೀಸ್ ಇಲಾಖೆ ಮತ್ತು ಗೃಹ ಇಲಾಖೆ ಕಾಯಿದೆಯ ತಿದ್ದುಪಡಿಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಆಟಿಸಂ ಇರಬಹುದೆಂದು ಕಂಡ ಯಾರನ್ನೇ ಆಗಲಿ, ಅವರನ್ನು ಬಲ್ಲ ಒಬ್ಬರನ್ನು ಕರೆಸಿ ಕೇಳುವ ತನಕ ಪ್ರಶ್ನಿಸಬಾರದು ಎಂಬ ಒಂದು ಸುತ್ತೋಲೆ ಎಲ್ಲ ಠಾಣೆಗಳಿಗೂ ಹೋಗಲಿ.